ಹಡಗಿನ ಕಾಸು

ಮಾವನ ಬಾಯಿ ಒಮ್ಮೆ ಮುಚ್ಚಲಿ ಎಂದು ಮನಸ್ಸಿನಲ್ಲೇ ಹಾರೈಸದವರು ಆ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಸೊಸೆಯಂತೂ ಮದುವೆಯಾಗಿ ಬಂದ ಮಾರನೆಯ ದಿನದಿಂದಲೇ ಹಾರೈಸುತ್ತ ಬಂದವಳು. ಕೊನೆಗೂ ಆ ಬಾಯಿ ಮುಚ್ಚಿತು, ಆದರೆ ಊಟಕ್ಕೆ ಮಾತ್ರ. ಬೈಯುವುದಕ್ಕೆ ಧಾರಾಳವಾಗಿ ತೆರೆಯುತ್ತಿದ್ದದ್ದು, ಚಮಚ ಹತ್ತಿರ ಬಂದರೆ ಸಾಕು, ಬೀಗ ಜಡಿದ ಹಾಗೆ ಬಿಗಿದುಕೊಳ್ಳುತ್ತಿತ್ತು.

"ಬಾಯಿ ತೆಗೀರಿ ಮಾವ."

"ಮೊದಲು ನನ್ನನ್ನ ಮೇಲಕ್ಕೆ ಕರ್ಕೊಂಡು ಹೋಗಿ."

"ಮೆಟ್ಟಿಲು ಹತ್ತೋ ಸ್ಥಿತೀಲಿ ಇದೀರಾ ನೀವು?"

"ಹೊತ್ಕೊಂಡು ಹೋಗಿ. ನಾಲ್ಕು ಜನ ಹೊರೋ ದಿನ ಹೇಗೂ ಬರುತ್ತೆ. ಈಗಿಂದಲೇ ಇಬ್ಬರು ಅಭ್ಯಾಸ ಮಾಡ್ಕೊಳ್ಳಿ."

ಇಷ್ಟು ಹೇಳಿ ತುಟಿ ಬಿಗಿದರು. ಗಂಜಿ ಗದ್ದಕ್ಕೆ ಮೆತ್ತಿ ಕತ್ತಿನವರೆಗೆ ಇಳಿಯಿತು. ಸೊಸೆ ಒದ್ದೆ ಬಟ್ಟೆಯಿಂದ ಒರೆಸಿದಳು. ಅಂದು ಬೆಳಗ್ಗೆಯಿಂದ ಅವಳು ಅದನ್ನು ಒರೆಸುತ್ತಲೇ ಇದ್ದಳು.

ಮಾವ ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನಿವೃತ್ತಿ ಬಸ್ಸಿನಿಂದ ಮಾತ್ರ. ಮನೆಯವರನ್ನು ಅವರು ಇಂದಿಗೂ ಟಿಕೆಟ್ಟಿಲ್ಲದೆ ಹತ್ತಿದವರಂತೆಯೇ ನೋಡುತ್ತಿದ್ದರು. ಊಟಕ್ಕೆ ಕೂತರೆ ಬಡಿಸುವವಳಿಗೆ "ಹೋಲ್ಡಾನ್" ಅನ್ನುವರು. ಉಪ್ಪು ಹೆಚ್ಚಾಗಿದ್ದರೆ ತಟ್ಟೆ ತಳ್ಳಿ, "ಇದನ್ನ ತಿನ್ನೋರು ಮುಂದಿನ ಸ್ಟಾಪಲ್ಲಿ ಹತ್ತುತಾರೆ, ಇಟ್ಟಿರಿ" ಅನ್ನುವರು. ಅತ್ತೆ ಬದುಕಿದ್ದಷ್ಟು ದಿನ ಇದನ್ನೆಲ್ಲ ನುಂಗಿಕೊಂಡು ಇದ್ದರು. ಅವರು ಹೋದ ಮೇಲೆ ನುಂಗುವ ಸರದಿ ಸೊಸೆಗೆ ಬಂತು.

ಮಾವನಿಗೆ ಪ್ರೀತಿ ಅಂತ ಏನಾದರೂ ಇದ್ದರೆ ಅದು ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯ ಮೇಲೆ. ಅದರ ತುಂಬ ಹಳೆಯ ತಾಮ್ರದ ಕಾಸುಗಳು. ಯಾವತ್ತೋ ಚಲಾವಣೆ ನಿಂತುಹೋದ ಕಾಸುಗಳನ್ನು ನೂಕುನುಗ್ಗಲಿನಲ್ಲಿ ಜನ ಕಂಡಕ್ಟರಿಗೆ ದಾಟಿಸುತ್ತಿದ್ದರು. ಬೇರೆ ಕಂಡಕ್ಟರುಗಳು ಶಾಪ ಹಾಕಿ ಕಿಟಕಿಯಿಂದಾಚೆ ಎಸೆದರೆ, ಇವರು ಚರ್ಮದ ಚೀಲಕ್ಕೆ ತಮ್ಮ ಚಿಲ್ಲರೆ ಹಾಕಿ ಅವನ್ನು ಮನೆಗೆ ತಂದರು. ಎಲ್ಲಕ್ಕಿಂತ ಮೇಲಿನದು ಹಡಗಿನ ಕಾಸು. ಅಂಗೈಯ ಅರ್ಧದಷ್ಟು ಅಗಲ, ಹುರಿದ ಕಾಫಿ ಬೀಜದ ಬಣ್ಣ. ಒಂದು ಬದಿಯಲ್ಲಿ ಮೂರು ಹಾಯಿ ಬಿಚ್ಚಿದ ಹಡಗು. ಹಾಯಿಯ ಹಗ್ಗಗಳನ್ನು ಇಂದಿಗೂ ಒಂದೊಂದಾಗಿ ಎಣಿಸಬಹುದಿತ್ತು.

"ಇದನ್ನ ಒಂದು ಮುದುಕಿ ಕೊಟ್ಟಳು" ಎಂದು ಮಾವ ಪ್ರತಿ ಸಲವೂ ಅದೇ ಮಾತಿನಲ್ಲಿ ಶುರು ಮಾಡುವರು. "'ಇದು ನಡೆಯಲ್ಲ ಅಜ್ಜಿ' ಅಂದೆ. 'ನನ್ನ ಹತ್ರ ಇರೋದು ಇದೊಂದೇ ಮಗ' ಅಂದಳು. ಈಸ್ಕೊಂಡೆ. ಅರ್ಧ ದಾರಿ ಬಂದ ಮೇಲೆ ಸೀಟಿ ಊದಿ ಇಳಿಸಿಬಿಟ್ಟೆ. 'ಊರು ಇನ್ನೂ ಬಂದಿಲ್ಲವಲ್ಲಪ್ಪಾ' ಅಂತಾಳೆ! 'ನಿನ್ನ ಕಾಸು ಇಷ್ಟೇ ದೂರ ನಡೆಯೋದು ಅಜ್ಜಿ' ಅಂದೆ." ಇಲ್ಲಿಗೆ ಬಂದಾಗ ಮಾವ ತೊಡೆ ತಟ್ಟಿಕೊಂಡು ನಗುವರು. ಜೊತೆಗೆ ಯಾರೂ ನಗದಿದ್ದರೆ ಅವರಿಗೆ ಬೇಜಾರೇನೂ ಇರಲಿಲ್ಲ.

ವಯಸ್ಸಾಗಿ ಬೆರಳು ನಡುಗಲು ಶುರುವಾದಾಗ ಕಾಸುಗಳನ್ನು ನೋಡಿಕೊಳ್ಳಲು ಅವರಿಗೊಂದು ಕೈ ಬೇಕಾಯಿತು. ಮಗನದ್ದು ಮೋಟಾರು ರಿವೈಂಡಿಂಗ್ ಅಂಗಡಿ. ಅವನ ಕೈಗೆ ಸದಾ ಗ್ರೀಸು, ವಾರ್ನಿಷು. ಅವನ ಲೆಕ್ಕದಲ್ಲಿ ತಾಮ್ರವೆಂದರೆ ಸುಟ್ಟ ಮೋಟಾರಿನಿಂದ ಕಿತ್ತು ಗುಜರಿಗೆ ತೂಗಿ ಹಾಕುವ ಸಾಮಾನು. ಮೊಮ್ಮಗಳನ್ನು ತಾತನೇ ಬುಗುರಿ ಎಂದು ಕರೆದಿದ್ದರು, ನಿಂತಲ್ಲಿ ನಿಲ್ಲದವಳೆಂದು. ಅವಳ ಅಂಗೈ ಬೆವರುತ್ತಿತ್ತು. ಉಳಿದವಳು ಸೊಸೆ. ಅವಳು ಔಷಧಿ ಅಂಗಡಿಯಲ್ಲಿ ದಿನವಿಡೀ ಮಾತ್ರೆ ಎಣಿಸಿ ಕೊಡುವವಳು. ಬೆರಳು ತಣ್ಣಗೆ, ಒಣಗಿ ಇರುತ್ತಿದ್ದವು.

"ಈ ಮನೇಲಿ ಕೈ ಅಂತ ಇರೋದು ಇವಳೊಬ್ಬಳಿಗೆ" ಅಂದರು ಮಾವ. "ತಲೆ ಇಲ್ಲ. ಅದು ಬೇರೆ ವಿಷಯ."

ಹಾಗಾಗಿ ರಜೆಯ ದಿನ ಮಧ್ಯಾಹ್ನ ಅವಳು ಮಹಡಿಯಲ್ಲಿದ್ದ ಮಾವನ ಕೋಣೆಗೆ ಹೋಗಿ ಕಲಿತಳು. ಕಾಸನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು, ಮುಖ ಮುಟ್ಟಬಾರದು. ನಲ್ಲಿ ನೀರು ಸೋಕಿಸಬಾರದು. ಅಂಗಡಿಯಿಂದ ತಂದ ಡಿಸ್ಟಿಲ್ಡ್ ವಾಟರಿನಲ್ಲಿ ದಿನಗಟ್ಟಲೆ ನೆನೆಹಾಕಿ, ನೀರು ಬದಲಿಸುತ್ತ ಇರಬೇಕು. ಮೆತ್ತಗಾದ ಕೊಳೆಯನ್ನು ಮರದ ಹಲ್ಲುಕಡ್ಡಿಯ ತುದಿಯಿಂದ ಬಿಡಿಸಬೇಕು. ಒತ್ತಿ ನೀರು ತೆಗೆಯಬೇಕು, ಒರೆಸಕೂಡದು. ಪೂರ್ತಿ ಒಣಗಿದ ಮೇಲೆ ಪ್ಯಾರಾಫಿನ್ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ, ಇದೆಯೋ ಇಲ್ಲವೋ ಅನ್ನುವಷ್ಟು ಸವರಿ, ಒಂದೊಂದನ್ನೂ ಒಂದೊಂದು ಕಾಗದದ ಲಕೋಟೆಯಲ್ಲಿ ಇಡಬೇಕು. ಎಲ್ಲಾದರೂ ಹಸಿರು ಪುಡಿ ಎದ್ದರೆ ಅದು ರೋಗ. ಆ ಕಾಸನ್ನು ಉಳಿದವುಗಳಿಂದ ದೂರ ಮಾಡಬೇಕು.

ಮೊದಲ ದಿನ ಅವಳು ಪಾತ್ರೆ ತೊಳೆಯುವ ಅಭ್ಯಾಸದಲ್ಲಿ ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದ್ದಳು. ಮಾವ ಅವಳ ಮಣಿಕಟ್ಟಿಗೆ ಹೊಡೆದರು.

"ಉಜ್ಜಬೇಡ! ಆ ಕಂದು ಬಣ್ಣ ಕೊಳೆ ಅಲ್ಲ, ಚರ್ಮ. ತಾಮ್ರಕ್ಕೆ ಆ ಚರ್ಮ ಬರೋಕೆ ನೂರು ವರ್ಷ ಬೇಕು. ಸುಲಿಯೋಕೆ ಒಂದು ಹೋಳು ನಿಂಬೆಹಣ್ಣು ಸಾಕು."

ಅವಳು ಮತ್ತೆಂದೂ ಉಜ್ಜಲಿಲ್ಲ. ಬರಬರುತ್ತ ಆ ಕೆಲಸ ಅವಳಿಗೆ ಹಿಡಿಸಿತು ಕೂಡ. ಕೊಳೆಯ ಕೆಳಗಿನಿಂದ ಒಂದು ಹಗ್ಗವೋ ಒಂದು ಅಕ್ಷರವೋ ಮೇಲೆದ್ದು ಬಂದಾಗ ಅವಳು ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಆಗ ಮಾವನೂ ಬೈಯುವುದನ್ನು ಮರೆತು ಪಕ್ಕದಲ್ಲಿ ಬಗ್ಗಿರುತ್ತಿದ್ದರು.

ಹೀಗಿರುವಾಗ ಒಂದು ದಿನ ಮಾವ ಮಹಡಿ ಮೆಟ್ಟಿಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಮನೆಗೆ ತಂದು ಹಜಾರದಲ್ಲಿ ಮಂಚ ಹಾಕಿದರು. ಖಾಲಿಯಾದ ಮಹಡಿ ಕೋಣೆಯನ್ನು ಮಗ ಬುಗುರಿಗೆ ಪರೀಕ್ಷೆಗೆ ಓದಿಕೊಳ್ಳಲು ಕೊಟ್ಟ. ಅವಳು ಮೇಜಿನ ಮೇಲಿದ್ದ ಡಬ್ಬಿಯನ್ನು ಕೆಳಗೆ ತಂದು, ಅಡುಗೆಮನೆಯಲ್ಲಿ ಜಾಗ ಕಂಡ ಒಲೆಯ ಮೇಲಿನ ಹಲಗೆಯಲ್ಲಿ ಇಟ್ಟಳು. ಒಂದು ದಿನ ತಾತ ಕೇಳಿದಾಗ ಇದ್ದದ್ದನ್ನು ಇದ್ದಹಾಗೆ ಹೇಳಿಯೂ ಬಿಟ್ಟಳು.

"ಒಲೆ ಮೇಲಾ?" ಮಾವ ಮಂಚದಲ್ಲೇ ಏಳಲು ಹೋಗಿ ನೋವಿಗೆ ಕಿರುಚಿದರು. "ಅನ್ನದ ಹಬೆ ಹೊಡೀತಿದೆ ಅದಕ್ಕೆ! ವಾರದಲ್ಲಿ ಹಸಿರು ಹಿಡಿಯುತ್ತೆ! ಎಲ್ಲ ಸೇರಿ ನನ್ನ ಸಾಯ್ಸೋಕೆ ನಿಂತಿದೀರಾ?"

ಸೊಸೆ ಡಬ್ಬಿಯನ್ನು ತಂದು ಹಜಾರದ ಬೀರುವಿನಲ್ಲಿಟ್ಟಳು. ಅದು ಸಾಲದಾಯಿತು. ತನ್ನ ಕೋಣೆ ತನಗೆ ಬೇಕು, ತಾನೂ ಡಬ್ಬಿಯೂ ಮೇಲೆ ಹೋಗಬೇಕು, ಅಲ್ಲಿಯವರೆಗೆ ತೊಟ್ಟು ಗಂಜಿಯೂ ಇಳಿಯುವುದಿಲ್ಲ ಎಂದು ಮಾವ ಹಟ ಹಿಡಿದರು.

"ಮೇಲೆ ಹಾಕಿದರೆ ಬೆಡ್‌ಪ್ಯಾನ್ ಹಿಡ್ಕೊಂಡು ಹತ್ತಿ ಇಳಿಯೋರು ಯಾರು?" ಎಂದು ಗಂಡ ಕೇಳಿದ. ಕೇಳುವಾಗ ನೋಡಿದ್ದು ಹೆಂಡತಿಯನ್ನು.

"ನನ್ನ ಮುಖ ಯಾಕೆ ನೋಡ್ತೀರಿ? ಈಗಲೇ ಅಂಗಡಿಗೆ ಅರ್ಧ ದಿನ ಮಾತ್ರ ಹೋಗ್ತಿದೀನಿ. ಮೆಟ್ಟಿಲು ಹತ್ತಿ ಇಳಿಯೋದೇ ಆದರೆ ಪೂರ್ತಿ ಬಿಡಬೇಕಾಗುತ್ತೆ."

"ಬಿಡು ಅಂತ ಯಾರಂದರು?"

"ಬಿಡಬೇಡ ಅಂತಾನೂ ಯಾರೂ ಅನ್ನಲಿಲ್ಲ."

ಡ್ರೆಸ್ಸಿಂಗ್ ಬದಲಿಸಲು ಬಂದ ಡಾಕ್ಟರು ಮಾವನ ರೆಪ್ಪೆ ಎಳೆದು ನೋಡಿ, ತಿನ್ನದಿದ್ದರೆ ಮೂಳೆ ಕೂಡುವುದಿಲ್ಲ, ಬೆನ್ನು ಹುಣ್ಣಾಗುತ್ತದೆ, ಆಮೇಲೆ ತಮ್ಮ ಕೈಯಲ್ಲೂ ಏನಿಲ್ಲ ಎಂದು ಹೇಳಿ ಹೋದರು. ಮಾವ ಸತ್ತರೆ ಹಸಿವಿನಿಂದ ಸಾಯಿಸಿದವಳು ಎಂಬ ಹೆಸರು ಯಾರಿಗೆ ಬರುತ್ತದೆಂದು ಸೊಸೆಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಅವಳು ಮಾವನನ್ನು ಪುಸಲಾಯಿಸಲೆಂದೇ ಡಬ್ಬಿ ತೆರೆದು ಹಡಗಿನ ಕಾಸನ್ನು ಟ್ರೇಯಲ್ಲಿ ಬಟ್ಟೆಯ ಮೇಲೆ ಇಟ್ಟಳು. "ನೋಡಿ ಮಾವ, ಏನೂ ಆಗಿಲ್ಲ. ಹಸಿರು ಹಿಡಿದಿಲ್ಲ." ಅದೇ ಟ್ರೇಯಲ್ಲಿ ಗಂಜಿಯ ಬಟ್ಟಲು, ಬಟ್ಟಲಿಗೆ ಹಿಂಡಲು ಅರ್ಧ ಹೋಳು ನಿಂಬೆಹಣ್ಣು. ಅವಳು ಹೋಳನ್ನು ಎತ್ತಿದಳು. ಹಿಂಡುವ ಮೊದಲೇ ಅದು ಕಾಸಿನ ನೇರಕ್ಕೆ ಬಂತು.

"ನಿಂಬೆ! ನಿಂಬೆ ತೆಗಿ!" ಎಂದು ಮಾವ ಅರಚಿದರು.

ಬಾಯಿ ದೊಡ್ಡದಾಗಿ ತೆರೆದಿತ್ತು. ಅವಳ ಇನ್ನೊಂದು ಕೈಯಲ್ಲಿ ಚಮಚ ತುಂಬಿ ಸಿದ್ಧವಿತ್ತು. ಯೋಚಿಸದೆ ತುರುಕಿದಳು. ಮಾವ ಕೆಮ್ಮಿದರು, ಕಣ್ಣು ಕೆಂಪಾಯಿತು, ನುಂಗಿದರು.

ಅವಳು ಹೋಳನ್ನು ಹಾಗೇ ಕಾಸಿನ ಮೇಲೆ ಹಿಡಿದುಕೊಂಡು ಇನ್ನೊಂದು ಚಮಚ ತುಂಬಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಹೋಳಿನ ತುದಿಯಲ್ಲಿ ರಸ ಒಂದು ಹನಿಯಾಗಿ ಕೂಡಿಕೊಳ್ಳುತ್ತಿತ್ತು.

"ತೆಗಿ" ಅಂದರು ಮಾವ, ಮೆಲ್ಲಗೆ.

"ನೀವು ಬಾಯಿ ತೆಗೀರಿ. ನಾನು ಇದನ್ನ ತೆಗೀತೀನಿ."

ಮಾವ ಬಾಯಿ ತೆರೆದರು. ಬಟ್ಟಲು ಖಾಲಿಯಾಯಿತು. ಅಡುಗೆಮನೆಗೆ ಹೋದ ಮೇಲೆ ಸೊಸೆಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಇಷ್ಟು ವರ್ಷದಲ್ಲಿ ಮಾವ ಅವಳ ಮಾತನ್ನು ಮರುಮಾತಿಲ್ಲದೆ ಕೇಳಿದ್ದು ಅದೇ ಮೊದಲು. ಬಟ್ಟಲನ್ನು ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು.

ಆಮೇಲೆ ಅದೇ ಪದ್ಧತಿಯಾಯಿತು. ಟ್ರೇಯಲ್ಲಿ ಬಟ್ಟಲು, ಚಮಚ, ಕಾಸು, ಹೋಳು. ಒಂದು ರಾತ್ರಿ ಊಟದ ಹೊತ್ತಿಗೆ ಗಂಡ ಇದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ.

"ಭೇಷ್! ಇಷ್ಟು ಬುದ್ಧಿ ನಿನಗೆ ಎಲ್ಲಿಂದ ಬಂತೇ? ಇಲ್ಲಿ ಕೊಡು, ಇವತ್ತು ನಾನು ತಿನ್ನಿಸ್ತೀನಿ."

"ನೀವು ಬೇಡ. ನಿಮಗೆ ತಾಳ್ಮೆ ಇಲ್ಲ."

"ಅಪ್ಪನಿಗೆ ಮಗ ತುತ್ತು ಕೊಡಬಾರದಾ?" ಎಂದು ಅವನು ಸ್ಟೂಲು ಎಳೆದುಕೊಂಡು ಕೂತ. ಮೂರನೆಯ ಚಮಚಕ್ಕೆ ಮಾವ ಬಾಯಲ್ಲಿದ್ದದ್ದನ್ನು ಮಗನ ಅಂಗಿಯ ಮೇಲೆ ಉಗಿದರು.

"ಗ್ರೀಸು ವಾಸನೆ. ಥೂ."

ಗಂಡ ಅಂಗಿ ಒರೆಸಿಕೊಳ್ಳಲಿಲ್ಲ. ಹೆಂಡತಿಯ ಕಡೆ ತಿರುಗಿದ. "ನಿನಗೆ ಹೇಳಿದ್ನಾ? ನಾನು ಆಗ ಪ್ರೈಮರಿ ಸ್ಕೂಲು. ಡ್ಯೂಟಿ ಮುಗಿಸ್ಕೊಂಡು ಬರೋ ಅಪ್ಪನಿಗೆ ಖುಷಿಯಾಗಲಿ ಅಂತ ಇವರ ಒಂದು ಕಾಸು ತಗೊಂಡು ಬೂದಿ, ನಿಂಬೆ ಹಾಕಿ ತಿಕ್ಕಿ ತಿಕ್ಕಿ ಹೊಳೆಯೋ ಹಾಗೆ ಮಾಡಿದ್ದೆ. ಅಮ್ಮ ಕೂಡ ಚೆನ್ನಾಗಿದೆ ಅಂದಿದ್ದಳು. ಇವರು ಬಂದು ನೋಡಿ ಏನು ಮಾಡಿದರು ಗೊತ್ತಾ? ಅದನ್ನ ನನ್ನ ಬಾಯಿಗೆ ಹಾಕಿ, 'ಉಗುಳಿದರೆ ಕೈ ಮುರೀತೀನಿ' ಅಂತ ಹೇಳಿ ಬಾಗಿಲಾಚೆ ನಿಲ್ಲಿಸಿದರು. ಬೀದಿಯ ಮಕ್ಕಳೆಲ್ಲ ಬಂದು ನೋಡಿದರು. ಆ ರುಚಿ ಈಗಲೂ ನಾಲಗೆ ಮೇಲಿದೆ."

"ಅದು ಮುನ್ನೂರು ವರ್ಷದ ಕಾಸಾಗಿತ್ತು ಕಣೋ" ಅಂದರು ಮಾವ.

"ನಾನು ಎಂಟು ವರ್ಷದವನಾಗಿದ್ದೆ ಅಪ್ಪಾ."

ಅವನು ಬೀರುವಿನಲ್ಲಿದ್ದ ಡಬ್ಬಿಗೆ ಕೈಹಾಕಿ ಕುದುರೆಯ ಚಿತ್ರವಿದ್ದ ಒಂದು ಚಿಕ್ಕ ಕಾಸನ್ನು ತೆಗೆದ. ಹೋಳನ್ನು ಉಪ್ಪಿನಲ್ಲಿ ಅದ್ದಿ ಅದರ ಮೇಲೆ ಒತ್ತಿ ತಿರುಗಿಸಿದ. ಕಂದು ಬಣ್ಣ ಕರಗಿ ಕೊಚ್ಚೆಯಾಗಿ ಅವನ ಬೆರಳಿಗಿಳಿಯಿತು. ಕೆಳಗಿನಿಂದ ಹಸಿ ಮಾಂಸದ ಹಾಗೆ ಕೆಂಪು ತಾಮ್ರ ಹೊರಬಂತು.

"ಬೇಡ ಕಣೋ" ಅಂದರು ಮಾವ. "ಬೇಡ. ತಿಂತೀನಿ. ತಿಂತೀನಿ ಕಣೋ."

"ಹಾಗಾದರೆ ತಿನ್ನು" ಅಂದ ಮಗ. ಹುಟ್ಟಿದಾಗಿನಿಂದ ಅಪ್ಪನನ್ನು ನೀವು ಎಂದೇ ಕರೆದವನು. ಮಾವ ಅಳುತ್ತ ತಿಂದರು. ಸೊಸೆ ಅಡುಗೆಮನೆಗೆ ಹೋಗಿ ನಿಂತಳು, ತಡೆಯಲಿಲ್ಲ. ತಡೆದರೆ ನಾಳೆಯಿಂದ ಮತ್ತೆ ಗದ್ದ ಒರೆಸುವುದು ಅವಳ ಪಾಲಿಗೇ ಬರುತ್ತಿತ್ತು.

ಬುಗುರಿ ಮೊದಮೊದಲು ಮುನಿಸಿಕೊಂಡಳು. "ಥೂ, ನೀವೆಲ್ಲ ರಾಕ್ಷಸರಮ್ಮ. ಪಾಪ ತಾತ."

"ಪಾಪ ಅನ್ನೋರು ಬಂದು ಬೆಡ್‌ಪ್ಯಾನ್ ಎತ್ತಲಿ" ಎಂದಳು ಸೊಸೆ. ಬುಗುರಿ ಮೇಲಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು. ಆದರೆ ತಾತ ಹಗಲು ಹೊತ್ತಿನಲ್ಲಿ ನೋವಿಗೆ ಕೂಗುತ್ತಿದ್ದರು. ಒಂದಷ್ಟು ದಿನ ಸಹಿಸಿಕೊಂಡವಳು ಒಂದು ಬೆಳಗ್ಗೆ ಪುಸ್ತಕ ಹಿಡಿದುಕೊಂಡೇ ಕೆಳಗೆ ಬಂದಳು.

"ತಾತ, ನಾಳೆ ನನಗೆ ಪರೀಕ್ಷೆ. ಕೂಗಿದರೆ ನಿಂಬೆಹಣ್ಣು ತರ್ತೀನಿ ನೋಡು."

ತಾತ ಕೂಗು ನಿಲ್ಲಿಸಿದರು. ಬುಗುರಿ ಒಂದು ಕ್ಷಣ ತಾನೇ ಬೆಚ್ಚಿದವಳಂತೆ ನಿಂತಳು. ಆಮೇಲೆ "ಗುಡ್" ಎಂದು ಮೆಟ್ಟಿಲು ಹತ್ತಿದಳು.

ಹಾಗೆ ಅದು ಎಲ್ಲದಕ್ಕೂ ಬಂತು. ಮಗ್ಗುಲು ತಿರುಗಲು, ಕಾಲು ಮಡಿಸುವ ವ್ಯಾಯಾಮಕ್ಕೆ, ನೆಂಟರು ಬಂದಾಗ ಬಾಯಿ ಬಿಡದಿರಲು. ಟ್ರೇ ಕೂಡ ಬೇಕಾಗಲಿಲ್ಲ. ಗಂಡ ಬೀರುವಿನ ಕಡೆ ಒಮ್ಮೆ ನೋಡಿದರೆ ಸಾಕಿತ್ತು. ಆದರೂ ಅವನು ಆಗೀಗ ಒಂದೊಂದು ಚಿಕ್ಕ ಕಾಸನ್ನು ತಿಕ್ಕಿಬಿಡುತ್ತಿದ್ದ. "ಹೆದರಿಕೆ ಹಳತಾಗಬಾರದು" ಅನ್ನುತ್ತಿದ್ದ. ಸೊಸೆ ಆ ಕಾಸುಗಳನ್ನು ಕದ್ದು ಎತ್ತಿಕೊಂಡು ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ ಹುಳಿ ತೆಗೆದು, ಎಣ್ಣೆ ಸವರಿ, ಲಕೋಟೆಗೆ ಹಾಕಿಡುತ್ತಿದ್ದಳು. ಅಂಗಡಿಯ ಮಾಲೀಕರು, "ಏನಮ್ಮಾ, ಇಷ್ಟೊಂದು ಡಿಸ್ಟಿಲ್ಡ್ ವಾಟರ್? ಮನೇಲಿ ಬ್ಯಾಟರಿ ವ್ಯಾಪಾರ ಶುರು ಮಾಡಿದೀಯಾ?" ಎಂದು ತಮಾಷೆ ಮಾಡಿದರು. ಅವಳು ನಕ್ಕಳು.

ಮಾವ ಮೈದುಂಬಿಕೊಂಡರು. ಕೆನ್ನೆ ತುಂಬಿತು, ಬೆನ್ನಿನ ಮೇಲೆ ಏಳತೊಡಗಿದ್ದ ಕೆಂಪು ಮಾಯವಾಯಿತು. ಸೊಸೆ ದಿನವೂ ಅವರ ಬೆನ್ನನ್ನು ಒದ್ದೆ ಬಟ್ಟೆಯಿಂದ ಒತ್ತಿ, ಒರೆಸದೆ ಒಣಗಿಸಿ, ಎಣ್ಣೆ ಸವರುತ್ತಿದ್ದಳು. ಡಾಕ್ಟರು ಬಂದು ನೋಡಿ ಬೆರಗಾದರು.

"ತಾತ, ಪುಣ್ಯ ಮಾಡಿದೀರಿ. ಇಂಥಾ ಸೊಸೆ ಎಷ್ಟು ಮನೇಲಿ ಸಿಗ್ತಾಳೆ?"

ಮಾವ ಸೊಸೆಯನ್ನು ನೋಡಿದರು. "ಹೌದು ಡಾಕ್ಟ್ರೇ" ಅಂದರು. "ಕೈ ಬಹಳ ಒಳ್ಳೇದು."

ಆ ದಿನ ಸಂಜೆ ಮನೆಯಲ್ಲಿ ಇಬ್ಬರೇ ಇದ್ದಾಗ ಮಾವ ಅವಳನ್ನು ಹತ್ತಿರ ಕರೆದರು.

"ಮಗಳೇ."

ಅವಳು ಹಿಂದೆ ತಿರುಗಿ ನೋಡಿದಳು, ಬುಗುರಿ ಬಂದಳೋ ಎಂದು.

"ನಿನ್ನನ್ನೇ. ಕೂತ್ಕೋ. ಮೇಲೆ ಹೋಗೋದು ಬಿಟ್ಟೆ. ಕೋಣೆ ಬುಗುರಿಗೇ ಇರಲಿ. ಆ ಡಬ್ಬಿ ನನ್ನ ಕೈಗೆ ಕೊಟ್ಟುಬಿಡು. ದಿಂಬಿನ ಪಕ್ಕ ಇಟ್ಕೋತೀನಿ. ಕೊಟ್ಟಷ್ಟು ತಿಂತೀನಿ, ಬೈಯಲ್ಲ. ನಿನ್ನ ಅತ್ತೆ ಆಣೆ."

"ಅತ್ತೆಗೆ ನೀವು ಮಾಡಿದ ಆಣೆ ಯಾವುದು ನಡೆಸಿದೀರಿ ಮಾವ?"

"ಡಬ್ಬಿ ಬೇಡ. ಹಡಗು ಒಂದು ಕೊಡು. ಉಳಿದದ್ದು ನಿಮ್ಮ ಹತ್ರವೇ ಇರಲಿ. ಬೇಕಾದರೆ ತಿಂಗಳಿಗೊಂದು ಚಿಕ್ಕದು ತಿಕ್ಕಿ, ನಾನೇ ಆರಿಸಿ ಕೊಡ್ತೀನಿ. ಹಡಗನ್ನ ಮಾತ್ರ ಬಿಡಿ."

ಕೊಡಬೇಕೆಂದು ಅವಳ ಕೈ ಬೀರುವಿನ ಬಾಗಿಲವರೆಗೂ ಹೋಯಿತು. ಅಲ್ಲಿ ನಿಂತು ಯೋಚಿಸಿದಳು. ಹಡಗು ಅವರ ಕೈಸೇರಿದ ಮರುದಿನ ಬಾಯಿ ಮತ್ತೆ ಬಿಗಿಯುತ್ತದೆ, ಮೇಲೆ ಹೊತ್ತುಕೊಂಡು ಹೋಗಿ ಅನ್ನುತ್ತದೆ, ಅವಳು ಅಂಗಡಿ ಬಿಡುತ್ತಾಳೆ. ಮಾತ್ರೆ ಎಣಿಸುವ ಆ ಕಟ್ಟೆಯ ಹಿಂದೆ ನಿಂತಾಗ ಮಾತ್ರ ಅವಳನ್ನು ಜನ "ಮೇಡಂ" ಅನ್ನುತ್ತಿದ್ದರು.

"ನೀವು ಓಡಾಡೋ ಹಾಗಾಗಲಿ ಮಾವ, ಆಮೇಲೆ ಕೊಡ್ತೀನಿ" ಎಂದಳು.

"ಆಮೇಲೆ" ಅಂದರು ಮಾವ. "ಚಿಲ್ಲರೆ ಆಮೇಲೆ ಕೊಡ್ತೀನಿ ಅಂತ ನಾನೂ ಎಷ್ಟು ಜನಕ್ಕೆ ಹೇಳಿದೀನಿ." ಅಷ್ಟು ಹೇಳಿ ಗೋಡೆಯ ಕಡೆ ಮುಖ ಮಾಡಿದರು. ಅದರ ನಂತರ ಅವರು ಏನನ್ನೂ ಕೇಳಲಿಲ್ಲ. ಕೊಟ್ಟದ್ದನ್ನು ತಿಂದರು, ಹೇಳಿದಷ್ಟು ವ್ಯಾಯಾಮ ಮಾಡಿದರು, ದಿಂಬಿಗೆ ಒರಗಿ ಕೂರುವಂತಾದರು. ಬೆರಳಿನ ನಡುಕ ಹಾಗೇ ಇತ್ತು, ತೋಳಿಗೆ ಮಾತ್ರ ಬಲ ಬಂತು.

ಬುಗುರಿಯ ಪರೀಕ್ಷೆ ಮುಗಿದ ವಾರ, ರಜೆಯ ಮಧ್ಯಾಹ್ನ, ಎಲ್ಲರೂ ಹಜಾರದಲ್ಲೇ ಊಟಕ್ಕೆ ಕೂತರು. ಎಲ್ಲರೂ ಖುಷಿಯಲ್ಲಿದ್ದರು. ಸೊಸೆ ಕೋಳಿ ಬೇಯಿಸಿದ್ದಳು; ಮಾವನಿಗೆಂದು ಅದರ ತಿಳಿ ಸಾರು ತೆಗೆದಿಟ್ಟಿದ್ದಳು. ಟ್ರೇ ತಂದು ಮಾವನ ತೊಡೆಯ ಮೇಲಿಟ್ಟಳು. ಅಭ್ಯಾಸದಂತೆ ಪಕ್ಕದಲ್ಲಿ ಹಡಗಿನ ಕಾಸು, ಹೋಳು.

"ಇವತ್ತು ಅದ್ಯಾಕಮ್ಮ, ತಾತ ತಾನೇ ತಿಂತಾನಲ್ಲ" ಅಂದಳು ಬುಗುರಿ.

"ಇರಲಿ ಬಿಡು. ಅದಿಲ್ಲದಿದ್ದರೆ ನಿನ್ನ ತಾತನಿಗೆ ಊಟ ರುಚಿಸಲ್ಲ" ಎಂದು ಗಂಡ ನಕ್ಕ. ಬುಗುರಿಯೂ ನಕ್ಕಳು. ಸೊಸೆ ನೀರು ತರಲು ಒಳಗೆ ಹೋದಳು.

ಅವಳು ಚೊಂಬು ಹಿಡಿದು ಬರುವಷ್ಟರಲ್ಲಿ ನಗು ನಿಂತಿತ್ತು. ಮಾವ ಹಡಗಿನ ಕಾಸನ್ನು ಎಡ ಅಂಗೈಯಲ್ಲಿ, ಮುಖ ಮುಟ್ಟಿಸಿಯೇ, ಗಟ್ಟಿಯಾಗಿ ಹಿಡಿದಿದ್ದರು. ಬಲಗೈಯಲ್ಲಿ ಹೋಳು. ಅದನ್ನು ಉಪ್ಪಿನ ಬಟ್ಟಲಿಗೆ ಅದ್ದಿದರು. ಬೆರಳು ನಡುಗುತ್ತಿದ್ದವು, ಆ ಕೆಲಸಕ್ಕೆ ನಡುಗುವ ಬೆರಳೇ ಸಾಕಿತ್ತು. ಮೊದಲು ಹಾಯಿಯ ಮೇಲೆ ತಿಕ್ಕಿದರು. ಆಮೇಲೆ ಹಗ್ಗಗಳ ಮೇಲೆ. ಕಂದು ರಸ ಮಣಿಕಟ್ಟಿನಿಂದಿಳಿದು ಸಾರಿನ ಬಟ್ಟಲಿಗೆ ತೊಟ್ಟಿಕ್ಕಿತು.

"ಅಪ್ಪಾ, ಏನ್ ಮಾಡ್ತಿದೀರಿ ನೀವು?" ಗಂಡ ಅರ್ಧ ಎದ್ದ. ಬಾಯಿಗೆ ಮತ್ತೆ ನೀವು ಬಂದಿತ್ತು.

"ಕೂತ್ಕೊಳೋ. ಊಟ ಆರುತ್ತೆ."

"ಮಾವ, ಬೇಡ!" ಸೊಸೆ ಚೊಂಬು ಕೆಳಗಿಟ್ಟು ಓಡಿಬಂದು ಅವರ ಕೈ ಹಿಡಿದಳು. ತುಂಬಿದ ತೋಳು ಅವಳನ್ನು ಸಲೀಸಾಗಿ ಪಕ್ಕಕ್ಕೆ ತಳ್ಳಿತು. ಆ ತೋಳನ್ನು ತುಂಬಿಸಿದವಳು ಅವಳೇ. ಮಾವ ಕಾಸನ್ನು ತಿರುಗಿಸಿ ಹಿಂಬದಿಯನ್ನೂ ತಿಕ್ಕಿ ಮುಗಿಸಿದರು. ದಿಂಬಿನ ಪಕ್ಕದ ಲೋಟದ ನೀರಿಗೆ ಅದ್ದಿ, ಲುಂಗಿಯ ಅಂಚಿನಲ್ಲಿ ಗಸಗಸ ಒರೆಸಿ, ಬೆಳಕಿಗೆ ಹಿಡಿದರು. ಆಟದ ಸಾಮಾನಿನ ಹಾಗೆ ಕೆಂಪಗೆ ಹೊಳೆಯಿತು. ಹಾಯಿಯಿತ್ತು, ಹಗ್ಗಗಳಿರಲಿಲ್ಲ.

"ಚೆನ್ನಾಗಿದೆಯಾ ಬುಗುರಿ?"

ಬುಗುರಿ ತಟ್ಟೆ ಬಿಟ್ಟು ಎದ್ದು ಹೋದಳು. ಮಾವ ಕಾಸನ್ನು ಮಗನ ತಟ್ಟೆಯ ಪಕ್ಕಕ್ಕೆ ಎಸೆದರು. ಟ್ರೇಯನ್ನು ತೊಡೆಯಿಂದ ಸರಿಸಿ, ಮಲಗಿ, ತುಟಿ ಬಿಗಿದರು.

ಅಂದು ರಾತ್ರಿ ತಿನ್ನಲಿಲ್ಲ. ಮರುದಿನವೂ ಇಲ್ಲ. ಗಂಡ ಮೊದಲು ಗದರಿಸಿದ, ಆಮೇಲೆ ಕೈಮುಗಿದ. "ಮೇಲೆ ಕರ್ಕೊಂಡು ಹೋಗ್ತೀನಿ ಅಪ್ಪಾ. ಈಗಲೇ, ನಾನೇ ಹೊತ್ಕೊಂಡು ಹೋಗ್ತೀನಿ." ಬುಗುರಿ ಹಾಸಿಗೆ ಸುತ್ತಿಕೊಂಡು ಕೋಣೆ ಬಿಟ್ಟು ಕೆಳಗೆ ಬಂದಳು. ಸೊಸೆ ಅಂಗಡಿಗೆ ಫೋನ್ ಮಾಡಿ ಇನ್ನು ಬರುವುದಿಲ್ಲ ಎಂದಳು, ಮಾವನಿಗೆ ಕೇಳಲೆಂದು ಗಟ್ಟಿಯಾಗಿ. ಮಾವ ಕೇಳಿಸಿಕೊಂಡರು. ನೀರು ಮಾತ್ರ ಆಗೊಂದು ಈಗೊಂದು ಗುಟುಕು ಕುಡಿದರು.

ಡಾಕ್ಟರು ಬಂದರು. ಕೆನ್ನೆ ಇಳಿದಿತ್ತು, ಬೆನ್ನಿನ ಮೇಲೆ ಕೆಂಪು ಮತ್ತೆ ಎದ್ದಿತ್ತು.

"ಏನಿದು? ಇಷ್ಟು ಚೆನ್ನಾಗಿ ಆಗಿತ್ತಲ್ಲ?"

"ತಿಂತಿಲ್ಲ ಡಾಕ್ಟ್ರೇ" ಅಂದಳು ಸೊಸೆ.

"ಮೊದಲೂ ಹೀಗೇ ಹಟ ಮಾಡಿದ್ದರಲ್ವಾ? ಆಗ ನೀವು ತಿನ್ನಿಸಿದಿರಿ. ಇಷ್ಟು ದಿನ ಹೇಗೆ ತಿನ್ನಿಸ್ತಿದ್ರೋ ಹಾಗೇ ತಿನ್ನಿಸಿ. ನಿಮಗಿಂತ ಚೆನ್ನಾಗಿ ಆಸ್ಪತ್ರೇಲಿ ಯಾರೂ ನೋಡ್ಕೊಳ್ಳಲ್ಲ."

ಗಂಡ ಡಾಕ್ಟರನ್ನು ಬಾಗಿಲವರೆಗೆ ಕಳಿಸಲು ಹೋದವನು ಹಾಗೇ ಅಂಗಡಿಗೆ ಹೋದ. ಸೊಸೆ ಗಂಜಿ ಕಾಸಿ ತಂದಳು. ಬೀರುವಿನಿಂದ ಡಬ್ಬಿ ತೆಗೆದಳು. ಒಂದು ನಿಂಬೆಹಣ್ಣು ಕೊಯ್ದಳು.

"ಮಾವ, ನೋಡಿ. ಇದು ಸಿಂಹದ ಕಾಸು. ನೀವು ಹುಷಾರಾಗಿ ಇಟ್ಕೊಂಡಿದ್ದು. ನಾನು ಹಲ್ಲುಕಡ್ಡೀಲಿ ಬಿಡಿಸಿದ್ದು. ಬಾಯಿ ತೆಗೀರಿ."

ಮಾವ ಕಾಸನ್ನು ನೋಡಿದರು, ಅವಳನ್ನು ನೋಡಿದರು. ಬಾಯಿ ತೆಗೆಯಲಿಲ್ಲ. ಅವಳು ಕಾಯುತ್ತ ಕೂತಳು, ಆಮೇಲೆ ಉಜ್ಜಿದಳು. ಇನ್ನೊಂದು ಲಕೋಟೆ ಬಿಚ್ಚಿದಳು. "ಇದಾದರೂ? ಮಾವ, ನಿಮ್ಮ ದಮ್ಮಯ್ಯ, ಒಂದು ಚಮಚ." ಅದನ್ನೂ ಉಜ್ಜಿದಳು. ಕಣ್ಣೀರು ಮೂಗಿನ ತುದಿಯಿಂದ ತಟ್ಟೆಗೆ ಬೀಳುತ್ತಿತ್ತು. ಉಜ್ಜಿ ಉಜ್ಜಿ ಗಾಯವಾದ ಬೆರಳ ಸಂದಿಗೆ ಹುಳಿ ಇಳಿದು ಉರಿಯುತ್ತಿತ್ತು. ಬಿಚ್ಚಿದ ಲಕೋಟೆಗಳು ಮಂಚದ ಕೆಳಗೆ ರಾಶಿಯಾದವು. ಗಂಜಿ ಆರಿ ಕೆನೆ ಕಟ್ಟಿತು. ಕೈಹಾಕಿದಾಗ ಡಬ್ಬಿಯ ತಳ ಸಿಕ್ಕಿತು, ಮತ್ತು ಒಂದೇ ಒಂದು ಕಾಸು.

ಅದನ್ನು ಅವಳು ಕಣ್ಣಿಗೆ ಕಾಣದೆ ಕೈಗೆ ಸಿಕ್ಕಂತೆ ಉಜ್ಜುತ್ತಿದ್ದಾಗ ಮಾವ ಬಾಯಿ ತೆರೆದರು. ಅವಳು ಹೋಳನ್ನು ಬಿಸುಟು ಚಮಚಕ್ಕೆ ಕೈಚಾಚಿದಳು.

"ಅಂಚಿನಲ್ಲಿ ಸ್ವಲ್ಪ ಉಳಿದಿದೆ ನೋಡು" ಅಂದರು ಮಾವ. "ಅದನ್ನೂ ತೆಗಿ."

ಬಾಯಿ ಮತ್ತೆ ಮುಚ್ಚಿಕೊಂಡಿತು. ಸೊಸೆ ಚಮಚ ಕೆಳಗಿಟ್ಟು, ನೆಲದಿಂದ ಹೋಳನ್ನು ಎತ್ತಿಕೊಂಡು, ಅಂಚನ್ನು ಉಜ್ಜಿದಳು.